850 ಜನರ ಬ್ಯಾಚೋ, 120 ಜನರ ಬ್ಯಾಚೋ?

ಪ್ರಶ್ನೆ: ನಾನು ದಾವಣಗೆರೆಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಐದು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಎಂ.ಬಿ.ಎ. ಮಾಡಿ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಡೆಗೆ ಹೋಗಬೇಕೆಂದಿದ್ದೇನೆ. ಎರಡು ಬಿಸಿನೆಸ್ ಸ್ಕೂಲ್‌ಗಳಲ್ಲಿ ಸೀಟು ಸಿಕ್ಕಿದೆ. ಒಂದರ ಬ್ಯಾಚಿನಲ್ಲಿ ಸುಮಾರು 850 ವಿದ್ಯಾರ್ಥಿಗಳಿದ್ದರೆ ಇನ್ನೊಂದರಲ್ಲಿ 120 ಮಂದಿ ಮಾತ್ರ. ದೊಡ್ಡ ಬ್ಯಾಚಾದರೆ ನೆಟ್‌ವರ್ಕ್ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಚಿಕ್ಕದಾದರೆ ಅಧ್ಯಾಪಕರ ಗಮನ ಸಿಗುತ್ತದೆ ಎಂದು ನನ್ನ ಅಕ್ಕ ಹೇಳುತ್ತಾಳೆ. ತುಂಬಿದ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡಲು ನನಗೆ ಅಳುಕಿದೆ. ಬ್ಯಾಚಿನ ಗಾತ್ರ ನಿಜವಾಗಿಯೂ ಅಷ್ಟು ಮುಖ್ಯವೇ?

ಉತ್ತರ: ಮುಖ್ಯ ಹೌದು. ಆದರೆ ನಿಮ್ಮ ಗೆಳೆಯರೂ ಅಕ್ಕನೂ ಪ್ರವೇಶ ಪುಸ್ತಿಕೆಯಲ್ಲಿ ಅಚ್ಚಾಗಿರುವ ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಮಾತಾಡುತ್ತಿದ್ದಾರೆ. ಊರಿನ ಜನಸಂಖ್ಯೆ ಕೇಳಿ ನಿಮ್ಮ ಓಣಿಯ ನೆರೆಹೊರೆ ಹೇಗಿದೆ ಎಂದು ಹೇಳಲಾಗುವುದಿಲ್ಲ. ಬಿಸಿನೆಸ್ ಸ್ಕೂಲ್‌ನಲ್ಲಿ ನೀವು ದಿನನಿತ್ಯ ಬದುಕುವುದು ಬ್ಯಾಚಿನಲ್ಲಲ್ಲ, ಅದರೊಳಗಿನ ಸೆಕ್ಷನ್‌ನಲ್ಲಿ ಮತ್ತು ಆ ಸೆಕ್ಷನ್ನಿನೊಳಗಿನ ಐದಾರು ಜನರ ಗ್ರೂಪಿನಲ್ಲಿ. ಆದ್ದರಿಂದ ಮೊದಲು ಈ ಎರಡರ ಗಾತ್ರವನ್ನು ವಿಚಾರಿಸಬೇಕು. ಬ್ಯಾಚಿನ ಗಾತ್ರ ಯಾವ ವಿಷಯಗಳಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಆಮೇಲೆ ನೋಡೋಣ.

1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಪ್ರತಿ ವರ್ಷ ಸೇರುವವರು ಒಂಬೈನೂರಕ್ಕೂ ಹೆಚ್ಚು ಮಂದಿ. ಆದರೆ ಸೇರಿದ ಕೂಡಲೇ ಅವರನ್ನು ಸುಮಾರು 90 ಜನರ ಹತ್ತು ಸೆಕ್ಷನ್‌ಗಳಾಗಿ ವಿಂಗಡಿಸಲಾಗುತ್ತದೆ, ಮತ್ತು ಮೊದಲ ವರ್ಷದ ಎಲ್ಲ ಕಡ್ಡಾಯ ವಿಷಯಗಳನ್ನೂ ಆ 90 ಮಂದಿ ಒಟ್ಟಿಗೇ ಓದುತ್ತಾರೆ. ಫಿಲಡೆಲ್ಫಿಯಾದ ವಾರ್ಟನ್ ಕೂಡ ದೊಡ್ಡ ಸ್ಕೂಲೇ. ಅಲ್ಲಿ ಎಪ್ಪತ್ತರ ಆಸುಪಾಸಿನ ಗುಂಪುಗಳಿದ್ದು, ಅವುಗಳೊಳಗೆ ಐದಾರು ಜನರ ಕಲಿಕಾ ತಂಡಗಳಿರುತ್ತವೆ. ಫ್ರಾನ್ಸಿನ ಫೌಂಟೇನ್‌ಬ್ಲೋ ಮತ್ತು ಸಿಂಗಪುರದಲ್ಲಿ ನಡೆಯುವ ಇನ್‌ಸಿಯಾಡ್ ವರ್ಷಕ್ಕೆ ಸಾವಿರದಷ್ಟು ವಿದ್ಯಾರ್ಥಿಗಳನ್ನು ತೆಗೆದುಕೊಂಡರೂ ಅವರು ಎರಡು ಪ್ರವೇಶಾವಧಿಗಳಲ್ಲಿ, ಎರಡು ಕ್ಯಾಂಪಸ್‌ಗಳಲ್ಲಿ ಹಂಚಿಹೋಗುತ್ತಾರೆ. ನಮ್ಮಲ್ಲಿ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ 2001ರಲ್ಲಿ ಹೈದರಾಬಾದಿನಲ್ಲಿ ಶುರುವಾದಾಗ ಮೊದಲ ಬ್ಯಾಚಿನಲ್ಲಿದ್ದವರು 130ರ ಆಸುಪಾಸು. 2012ರಲ್ಲಿ ಮೊಹಾಲಿ ಕ್ಯಾಂಪಸ್ ಸೇರಿಕೊಂಡ ಮೇಲೆ ಆ ಸಂಖ್ಯೆ ಹಲವು ಪಟ್ಟು ಬೆಳೆದಿದೆ. ಆದರೆ ಹೈದರಾಬಾದಿನಲ್ಲಿ ಓದುವವರಿಗೂ ಮೊಹಾಲಿಯಲ್ಲಿ ಓದುವವರಿಗೂ ನಡುವೆ ಅರ್ಧ ದೇಶದಷ್ಟು ದೂರವಿದೆ. ನಿಮ್ಮ 850ರ ಸಂಸ್ಥೆಗೂ ಒಂದಕ್ಕಿಂತ ಹೆಚ್ಚು ಕ್ಯಾಂಪಸ್ ಇದ್ದರೆ, ಅಂಗಳದಲ್ಲಿ ಎದುರಾಗುವವರ ಸಂಖ್ಯೆ ಆಗಲೇ ಅಷ್ಟರಮಟ್ಟಿಗೆ ಇಳಿಯಿತೆಂದೇ ತಿಳಿಯಿರಿ.

ಈಗ 120ರ ಸಂಸ್ಥೆಯನ್ನು ನೋಡಿ. ಐ.ಐ.ಎಂ.ಗಳಂಥವನ್ನು ಬಿಟ್ಟು ತಾಂತ್ರಿಕ ಶಿಕ್ಷಣದ ನಿಯಂತ್ರಣ ಮಂಡಳಿಯಾದ ಎ.ಐ.ಸಿ.ಟಿ.ಇ. ಮಾನ್ಯತೆಯ ಅಡಿಯಲ್ಲಿ ನಡೆಯುವ ಸಂಸ್ಥೆಗಳಲ್ಲಿ ಎಂ.ಬಿ.ಎ.ಗೆ ಒಂದು ವಿಭಾಗವೆಂದರೆ 60 ಸೀಟು ಎಂಬ ಲೆಕ್ಕ ಬಹುಕಾಲದಿಂದ ಇದೆ. ಹಾಗಾಗಿ 120 ಎಂದರೆ ಬಹುಶಃ ಅರವತ್ತರ ಎರಡು ಸೆಕ್ಷನ್. ದೊಡ್ಡ ಸಂಸ್ಥೆಯಲ್ಲಿ ಸೆಕ್ಷನ್ನಿಗೆ ಎಪ್ಪತ್ತು ಜನರಿದ್ದಾರೆಂದು ಇಟ್ಟುಕೊಂಡರೆ, ಬೆಳಿಗ್ಗೆ ಒಂಬತ್ತರ ಮಾರ್ಕೆಟಿಂಗ್ ತರಗತಿಯಲ್ಲಿ ಕುಳಿತಾಗ ನಿಮಗೆ ಕಾಣುವ ವ್ಯತ್ಯಾಸ ಹತ್ತು ಕುರ್ಚಿಗಳದ್ದು. ಅಧ್ಯಾಪಕರ ಗಮನದ ಬಗ್ಗೆ ನಿಮ್ಮ ಅಕ್ಕ ಹೇಳಿದ ಮಾತು ಈ ಹತ್ತು ಕುರ್ಚಿಗಳ ಮೇಲೆ ನಿಲ್ಲಲಾರದು.

ಸೆಕ್ಷನ್ ಎಂಬುದು ವೇಳಾಪಟ್ಟಿಯ ಅನುಕೂಲಕ್ಕಾಗಿ ಮಾಡಿದ ವಿಂಗಡಣೆಯಷ್ಟೇ ಅಲ್ಲವೆಂಬುದಕ್ಕೆ ಗಟ್ಟಿಯಾದ ಸಂಶೋಧನೆಯೇ ಇದೆ. ಹಾರ್ವರ್ಡ್‌ನಲ್ಲಿ ಯಾರು ಯಾವ ಸೆಕ್ಷನ್ನಿಗೆ ಹೋಗುತ್ತಾರೆಂಬುದನ್ನು ವಿದ್ಯಾರ್ಥಿಗಳು ಆರಿಸಿಕೊಳ್ಳುವುದಿಲ್ಲ. ಹೆಚ್ಚುಕಡಿಮೆ ಚೀಟಿ ಎತ್ತಿದಂತೆ ಅದು ನಿರ್ಧಾರವಾಗುತ್ತದೆ. ಒಂದು ಸೆಕ್ಷನ್ನಿನವರ ಮುಂದಿನ ಬದುಕಿನಲ್ಲಿ ಏನಾದರೂ ಹೋಲಿಕೆ ಕಂಡರೆ, ಅದು ಒಂದೇ ಬಗೆಯವರು ಒಂದೆಡೆ ಸೇರಿಕೊಂಡದ್ದರಿಂದ ಆದದ್ದಲ್ಲ, ಜೊತೆಯಲ್ಲಿ ಓದಿದ್ದರಿಂದ ಆದದ್ದು ಎಂದು ಧೈರ್ಯವಾಗಿ ಹೇಳಬಹುದು. ಕೆಲ್ಲಿ ಶೂ ಎಂಬ ಅರ್ಥಶಾಸ್ತ್ರಜ್ಞೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಓದಿ ಮುಂದೆ ಕಂಪನಿಗಳ ಉನ್ನತ ಸ್ಥಾನಕ್ಕೇರಿದವರ ಸಂಬಳ ಮತ್ತು ಅವರು ಇತರ ಕಂಪನಿಗಳನ್ನು ಕೊಳ್ಳುವ ವಿಷಯದಲ್ಲಿ ಮಾಡಿದ ತೀರ್ಮಾನಗಳನ್ನು ಹೋಲಿಸಿದರು. ಒಂದೇ ಸೆಕ್ಷನ್ನಿನಲ್ಲಿ ಓದಿದವರ ನಡುವಿನ ಹೋಲಿಕೆ, ಅದೇ ವರ್ಷದ ಬೇರೆ ಸೆಕ್ಷನ್ನುಗಳವರೊಂದಿಗಿನ ಹೋಲಿಕೆಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಹಳೆಯ ವಿದ್ಯಾರ್ಥಿಗಳ ಪುನರ್ಮಿಲನ ನಡೆದ ಮರುವರ್ಷ ಆ ಹೋಲಿಕೆ ಇನ್ನೂ ಗಾಢವಾಗುತ್ತಿತ್ತು. ಎಂದರೆ ಓದು ಮುಗಿದು ಎಷ್ಟೋ ವರ್ಷಗಳಾದ ಮೇಲೂ ಅವರ ನಡುವೆ ಮಾತುಕತೆ ಹರಿಯುತ್ತಲೇ ಇದೆ, ಮತ್ತು ಅದು ಒಂಬೈನೂರು ಜನರ ಬ್ಯಾಚಿಗಿಂತ ತೊಂಬತ್ತು ಜನರ ಸೆಕ್ಷನ್ನಿನ ಒಳಗೇ ಹೆಚ್ಚು ಹರಿಯುತ್ತಿದೆ.

ಜಾಶ್ ಲರ್ನರ್ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಸಂಶೋಧಕರು ಇದೇ ಹಾರ್ವರ್ಡ್ ಸೆಕ್ಷನ್‌ಗಳನ್ನು ಇನ್ನೊಂದು ದಿಕ್ಕಿನಿಂದ ಪರಿಶೀಲಿಸಿದರು. ಮೊದಲೇ ಸ್ವಂತ ಉದ್ಯಮ ನಡೆಸಿ ಬಂದವರು ಹೆಚ್ಚಾಗಿದ್ದ ಸೆಕ್ಷನ್‌ನಲ್ಲಿ ಉಳಿದವರೂ ಅವರನ್ನು ನೋಡಿ ಉದ್ಯಮಕ್ಕೆ ಧುಮುಕುತ್ತಾರೆಂದು ನಾವು ಊಹಿಸುತ್ತೇವೆ. ಕಂಡುಬಂದದ್ದು ತದ್ವಿರುದ್ಧ. ಅಂಥ ಸೆಕ್ಷನ್ನುಗಳಿಂದ ಓದು ಮುಗಿಯುತ್ತಲೇ ಉದ್ಯಮ ಆರಂಭಿಸಿದವರು ಕಡಿಮೆ, ಮತ್ತು ಆ ಇಳಿಕೆ ಮುಖ್ಯವಾಗಿ ಆಗಿದ್ದು ಯಶಸ್ಸು ಕಾಣದ ಉದ್ಯಮಗಳಲ್ಲಿ. ಕೈ ಸುಟ್ಟುಕೊಂಡು ಬಂದವರು ಸಹಪಾಠಿಗಳ ಯೋಜನೆಯಲ್ಲಿನ ದೋಷವನ್ನು ಮೊದಲೇ ತೋರಿಸಿಕೊಟ್ಟಿರಬೇಕೆಂಬುದು ಸಂಶೋಧಕರ ವಿವರಣೆ. ನನಗೆ ಈ ಫಲಿತಾಂಶ ಬಹಳ ಮಹತ್ವದ್ದಾಗಿ ಕಾಣುತ್ತದೆ. "ನಿನ್ನ ಈ ಪ್ಲಾನ್ ನಡೆಯುವುದಿಲ್ಲ" ಎಂದು ಗೆಳೆಯನ ಮುಖಕ್ಕೇ ಹೇಳಬೇಕಾದರೆ ಒಂದು ಸಲುಗೆ ಬೇಕು. ಆ ಸಲುಗೆ ವಾಟ್ಸ್ಯಾಪ್ ಗುಂಪಿನ 850 ಹೆಸರುಗಳ ನಡುವೆ ಹುಟ್ಟುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ವಾದಿಸಿ, ಸೋತು, ಗೆದ್ದು, ಒಟ್ಟಿಗೆ ಊಟಕ್ಕೆ ಹೋದವರ ನಡುವೆ ಹುಟ್ಟುತ್ತದೆ. ಹಾಗಾಗಿ ಸೆಕ್ಷನ್ನಿನ ಗಾತ್ರದ ಜೊತೆಗೆ ಅದು ಎಷ್ಟು ಕಾಲ ಹಾಗೆಯೇ ಉಳಿಯುತ್ತದೆ ಎಂದೂ ಕೇಳಿ. ಪ್ರತಿ ಟರ್ಮ್‌ಗೂ ಸೆಕ್ಷನ್ ಕಲಸುವ ಸಂಸ್ಥೆಯಲ್ಲಿ ಪರಿಚಯಗಳು ಹೆಚ್ಚುತ್ತವೆ, ಸಲುಗೆ ಬೆಳೆಯುವುದು ಕಷ್ಟ.

ಇನ್ನು ನಿಮ್ಮ ಅಳುಕಿನ ವಿಚಾರ. ಅಹಮದಾಬಾದಿನ ಐ.ಐ.ಎಂ. 1961ರಲ್ಲಿ ಸ್ಥಾಪನೆಯಾದಾಗ ಹಾರ್ವರ್ಡ್‌ನ ಸಹಯೋಗವಿತ್ತು, ಮತ್ತು ಅಲ್ಲಿಂದ ಬಂದ ಕೇಸ್ ಪದ್ಧತಿ ಇಂದು ನಮ್ಮ ಬಹುತೇಕ ಒಳ್ಳೆಯ ಬಿಸಿನೆಸ್ ಸ್ಕೂಲ್‌ಗಳಲ್ಲಿ ಒಂದಲ್ಲ ಒಂದು ಪ್ರಮಾಣದಲ್ಲಿದೆ. ಒಂದು ಕಂಪನಿ ಎದುರಿಸಿದ ಸಮಸ್ಯೆಯನ್ನು ಹದಿನೈದಿಪ್ಪತ್ತು ಪುಟಗಳಲ್ಲಿ ಕೊಟ್ಟಿರುತ್ತಾರೆ. ಹಿಂದಿನ ರಾತ್ರಿ ಅದನ್ನು ಓದಿಕೊಂಡು ಬಂದ ವಿದ್ಯಾರ್ಥಿಗಳ ಚರ್ಚೆಯೇ ಪಾಠ. ಹಾರ್ವರ್ಡ್‌ನಲ್ಲಿ ಒಂದು ತರಗತಿಯ ಅವಧಿ 80 ನಿಮಿಷ. ಅಧ್ಯಾಪಕರ ಪ್ರಶ್ನೆ, ಬೋರ್ಡಿನ ಬರಹ, ಕೊನೆಯ ಮಾತು ಇವಕ್ಕೆ ಇಪ್ಪತ್ತೈದು ನಿಮಿಷ ಕಳೆದರೆ ವಿದ್ಯಾರ್ಥಿಗಳಿಗೆ ಉಳಿಯುವುದು ಐವತ್ತೈದು. ಒಬ್ಬೊಬ್ಬರು ಒಂದೂವರೆ ನಿಮಿಷ ಮಾತಾಡಿದರೂ ಮೂವತ್ತಾರು ಸರದಿಗಳಾದವು. ಕೆಲವರು ಎರಡು ಸಲ ಕೈಯೆತ್ತುತ್ತಾರಾದ್ದರಿಂದ ಸುಮಾರು ಮೂವತ್ತು ಜನರಿಗೆ ಅವಕಾಶ. ತೊಂಬತ್ತರ ಸೆಕ್ಷನ್‌ನಲ್ಲಿ ಅದು ಮೂರು ತರಗತಿಗೊಮ್ಮೆ ಒಂದು ಸರದಿ, ಅರವತ್ತರಲ್ಲಿ ಎರಡು ತರಗತಿಗೊಮ್ಮೆ, ಮೂವತ್ತರಲ್ಲಿ ಪ್ರತಿದಿನ. ಹಾರ್ವರ್ಡ್‌ನ ಅನೇಕ ಮೊದಲ ವರ್ಷದ ವಿಷಯಗಳಲ್ಲಿ ಅರ್ಧದಷ್ಟು ಅಂಕ ಈ ಮಾತಿನ ಮೇಲೆಯೇ ನಿಂತಿದೆ. ನಮ್ಮಲ್ಲಿ ವಿದ್ಯಾರ್ಥಿಗಳು 'ಸಿ.ಪಿ.' ಎಂದು ಕರೆಯುವ ಈ ಕ್ಲಾಸ್ ಪಾರ್ಟಿಸಿಪೇಷನ್‌ನ ಪಾಲು ವಿಷಯದಿಂದ ವಿಷಯಕ್ಕೆ, ಅಧ್ಯಾಪಕರಿಂದ ಅಧ್ಯಾಪಕರಿಗೆ ಬದಲಾಗುತ್ತದೆ.

ಈ ಲೆಕ್ಕ ನೋಡಿ ಚಿಕ್ಕ ತರಗತಿಯೇ ಒಳ್ಳೆಯದೆಂದು ತೀರ್ಮಾನಿಸಬೇಡಿ. ಕೇಸ್ ಚರ್ಚೆಗೆ ಬೇರೆ ಬೇರೆ ಅನುಭವದ ಜನ ಬೇಕು. ಸಕ್ಕರೆ ಕಾರ್ಖಾನೆಯ ಮೇಲಿನ ಕೇಸಿಗೆ ತರಗತಿಯಲ್ಲಿ ಕಬ್ಬಿನ ಸೀಮೆಯಿಂದ ಬಂದವರೊಬ್ಬರಿದ್ದರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ: ಕಾರ್ಖಾನೆ ಬಾಕಿ ಉಳಿಸಿಕೊಂಡಾಗ ಬೆಳೆಗಾರ ಏನು ಮಾಡುತ್ತಾನೆ, ಕಟಾವು ತಡವಾದರೆ ತೂಕ ಎಷ್ಟು ಇಳಿಯುತ್ತದೆ ಎಂಬುದು ಹಾಳೆಯ ಮೇಲಿನ ಅಂಕಿಗಳಲ್ಲಿ ಇರುವುದಿಲ್ಲ. ಇಪ್ಪತ್ತು ಜನರ ತರಗತಿಯಲ್ಲಿ, ಅದರಲ್ಲೂ ಹದಿನೈದು ಮಂದಿ ಸಾಫ್ಟ್‌ವೇರ್‌ನವರೇ ಆಗಿದ್ದರೆ, ಅಂಥ ಮಾತು ಬರುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಎಲ್ಲರೂ ಒಂದೇ ಉತ್ತರಕ್ಕೆ ಬಂದು ಚರ್ಚೆ ನಿಲ್ಲುತ್ತದೆ. ಅಂಕಿಅಂಶ ಶಾಸ್ತ್ರದ ಉಪನ್ಯಾಸ ಕೇಳುವವರಿಗೆ ಅರವತ್ತಕ್ಕೂ ತೊಂಬತ್ತಕ್ಕೂ ಅಂಥ ವ್ಯತ್ಯಾಸ ತಿಳಿಯದು. ಸಂಧಾನ, ಸಂವಹನ, ನಾಯಕತ್ವದಂಥ ವಿಷಯಗಳಲ್ಲಿ ಮಾತ್ರ ಚಿಕ್ಕ ಗುಂಪು ಬೇಕೇ ಬೇಕು. ಸ್ಟ್ಯಾನ್‌ಫರ್ಡ್‌ನಲ್ಲಿ ದಶಕಗಳಿಂದ ಬಹುಬೇಡಿಕೆಯಲ್ಲಿರುವ 'ಇಂಟರ್‌ಪರ್ಸನಲ್ ಡೈನಾಮಿಕ್ಸ್' ತರಗತಿಯನ್ನು ಹನ್ನೆರಡು ಜನರ ಗುಂಪುಗಳಾಗಿ ಮಾಡಿ ನಡೆಸುವುದು ಈ ಕಾರಣಕ್ಕೇ.

ನಿಮ್ಮಂತೆ ಕನ್ನಡ ಮಾಧ್ಯಮದಿಂದ ಬಂದ ಅನೇಕರನ್ನು ತರಗತಿಯಲ್ಲಿ ನೋಡಿದ್ದೇನೆ. ತೊಂಬತ್ತು ಜನರ ಸೆಕ್ಷನ್‌ನಲ್ಲಿ ಅವರಿಗೆ ಎದುರಾಗುವ ಅಪಾಯ ಹೆದರಿಕೆಗಿಂತ ಹೆಚ್ಚಾಗಿ ಅಡಗಿಕೊಳ್ಳುವ ಸೌಕರ್ಯ. ಕೈಯೆತ್ತದಿದ್ದರೆ ಯಾರೂ ಕೇಳುವುದಿಲ್ಲ, ದಿನಗಳು ಸರಿದುಹೋಗುತ್ತವೆ, ಟರ್ಮ್ ಮುಗಿದಾಗ ಸಿ.ಪಿ. ಅಂಕ ಕೈಕೊಟ್ಟಿರುತ್ತದೆ. ಕೈಯೆತ್ತದವರ ಹೆಸರನ್ನೂ ಹಿಡಿದು ಕೇಳುವ ಅಧ್ಯಾಪಕರಿರುವ ದೊಡ್ಡ ಸೆಕ್ಷನ್, ಯಾರನ್ನೂ ಕೇಳದ ಚಿಕ್ಕ ಸೆಕ್ಷನ್ನಿಗಿಂತ ನಿಮಗೆ ಹೆಚ್ಚು ಒಳ್ಳೆಯದು ಮಾಡುತ್ತದೆ. ಎಲ್ಲಿಗೇ ಹೋದರೂ ಮೊದಲ ತಿಂಗಳು ಒಂದು ಅಭ್ಯಾಸ ಇಟ್ಟುಕೊಳ್ಳಿ: ಕೇಸಿನ ಕೊನೆಯ ಪುಟಗಳಲ್ಲಿರುವ ಕೋಷ್ಟಕಗಳಿಂದ ಒಂದು ಲೆಕ್ಕ ಮಾಡಿಕೊಂಡು ಹೋಗಿ, ತರಗತಿಯ ಮೊದಲ ಕಾಲು ಗಂಟೆಯಲ್ಲೇ ಅದನ್ನು ಹೇಳಿಬಿಡಿ. ಚರ್ಚೆ ಕಾವೇರಿದ ಮೇಲೆ ನಾಲ್ಕೂ ಕಡೆಯ ವಾದಗಳ ನಡುವೆ ನುಗ್ಗಿ ಮಾತಾಡಲು ಭಾಷೆಯ ಮೇಲೆ ಹಿಡಿತ ಬೇಕು. ಆರಂಭದಲ್ಲಿ "ಈ ಬೆಲೆಗೆ ಮಾರಿದರೆ ಹಾಕಿದ ದುಡ್ಡು ಹುಟ್ಟಲು ನಾಲ್ಕು ವರ್ಷ ಬೇಕು" ಎಂದು ಹೇಳಲು ಸರಳ ಇಂಗ್ಲಿಷ್ ಸಾಕು, ಮತ್ತು ಅಂಥ ಮಾತನ್ನು ಅಧ್ಯಾಪಕರು ಖಂಡಿತ ಬೋರ್ಡಿನ ಮೇಲೆ ಬರೆದುಕೊಳ್ಳುತ್ತಾರೆ.

ಸೆಕ್ಷನ್ನಿಗಿಂತಲೂ ಹತ್ತಿರದ್ದು ಗ್ರೂಪು. ಮರುದಿನ ಬೆಳಿಗ್ಗೆ ಎಂಟಕ್ಕೆ ಒಪ್ಪಿಸಬೇಕಾದ ಅಸೈನ್‌ಮೆಂಟಿಗಾಗಿ ರಾತ್ರಿ ಹನ್ನೊಂದಕ್ಕೆ ಐವರು ಸೇರಿರುತ್ತಾರೆ. ಸಿ.ಎ. ಮಾಡಿದವರು ಎಕ್ಸೆಲ್ ಶೀಟ್ ತೆರೆಯುತ್ತಾರೆ, ಎಂಜಿನಿಯರ್ ಸ್ಲೈಡ್ ಮಾಡುತ್ತಾರೆ, ಇಂಗ್ಲಿಷ್ ಚೆನ್ನಾಗಿರುವವರು ಬರವಣಿಗೆ ಮುಗಿಸುತ್ತಾರೆ, ನಾಲ್ಕನೆಯವರು ಎಲ್ಲವನ್ನೂ ಒಟ್ಟು ಮಾಡುತ್ತಾರೆ, ಐದನೆಯವರು ಮಲಗಿಬಿಡುತ್ತಾರೆ. ಕೆಲಸ ಸಮಯಕ್ಕೆ ಮುಗಿಯುತ್ತದೆ, ಆದರೆ ಪ್ರತಿಯೊಬ್ಬರೂ ತಮಗೆ ಮೊದಲೇ ಗೊತ್ತಿದ್ದುದನ್ನೇ ಮಾಡಿರುತ್ತಾರೆ. ಕಂಪನಿಯ ಮೌಲ್ಯ ಕಟ್ಟುವುದನ್ನು ಕಲಿಯಲು ಲಕ್ಷಗಟ್ಟಲೆ ಸಾಲ ಮಾಡಿ ಬಂದ ಎಂಜಿನಿಯರ್ ಎರಡು ವರ್ಷ ಸ್ಲೈಡ್ ಮಾಡಿಕೊಂಡೇ ಹೊರಬೀಳುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬ್ಯಾಚಿನ ಗಾತ್ರ ಇಲ್ಲಿ ಕೆಲಸ ಮಾಡುವ ಬಗೆ ಸೂಕ್ಷ್ಮವಾದದ್ದು. 120ರ ಬ್ಯಾಚಿನಲ್ಲಿ ಮೊದಲ ಟರ್ಮ್‌ನಲ್ಲಿ ಮಲಗಿದವರ ಹೆಸರು ಎರಡನೇ ಟರ್ಮ್‌ನ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಮೂರನೇ ಟರ್ಮ್‌ನಲ್ಲಿ ಅವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಈ ಭಯವೇ ಅರ್ಧ ಜನರನ್ನು ಕೆಲಸಕ್ಕೆ ಹಚ್ಚುತ್ತದೆ. 850ರಲ್ಲಿ ಅವರಿಗೆ ಪ್ರತಿ ಸಲವೂ ಹೊಸ ಗ್ರೂಪ್ ಸಿಗುತ್ತದೆ. ಅದರ ಮಗ್ಗುಲಲ್ಲೇ ಇನ್ನೊಂದು ಸಮಸ್ಯೆಯಿದೆ. ಗ್ರೂಪನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಬಹುದಾದ ದೊಡ್ಡ ಬ್ಯಾಚಿನಲ್ಲಿ ಒಂದೇ ಕಾಲೇಜಿನವರು, ಒಂದೇ ಕಂಪನಿಯಿಂದ ಬಂದವರು, ಒಂದೇ ಭಾಷೆಯವರು ತಾವಾಗಿಯೇ ಒಟ್ಟಾಗುತ್ತಾರೆ, ಏಕೆಂದರೆ ಅಂಥವರು ಸಾಕಷ್ಟು ಸಂಖ್ಯೆಯಲ್ಲಿ ಸಿಗುತ್ತಾರೆ. ನೀವು ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯರ ಜೊತೆಗೇ ಕೂತು ಓದುವುದಾದರೆ, ಕೆಲಸ ಬಿಟ್ಟು ಹೊರಟದ್ದು ಯಾತಕ್ಕೆ? ಇನ್‌ಸಿಯಾಡ್‌ನಂಥ ಸ್ಕೂಲ್‌ಗಳು ಬೇರೆ ಬೇರೆ ದೇಶ, ವೃತ್ತಿಗಳವರನ್ನು ಉದ್ದೇಶಪೂರ್ವಕವಾಗಿ ಬೆರೆಸಿ ಗ್ರೂಪ್ ರಚಿಸುತ್ತವೆ. ಮೊದಮೊದಲು ಜಗಳವಾದರೂ ಪಾಠವಾಗುವುದು ಅಲ್ಲೇ.

ಬ್ಯಾಚಿನ ಒಟ್ಟು ಸಂಖ್ಯೆ ನಿಜವಾಗಿ ಲೆಕ್ಕಕ್ಕೆ ಬರುವುದು ವಿದ್ಯಾರ್ಥಿಗಳೇ ಆರಿಸಿಕೊಳ್ಳುವ ವಿಷಯಗಳಾದ ಎಲೆಕ್ಟಿವ್‌ಗಳು, ಪ್ಲೇಸ್‌ಮೆಂಟ್ ಮತ್ತು ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿ. ಎಲೆಕ್ಟಿವ್‌ಗಳ ಮಾತು ಸುಲಭ: 120 ಜನರಲ್ಲಿ ಎಂಟು ಮಂದಿ ಮಾತ್ರ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಬೇಕೆಂದರೆ ಸಂಸ್ಥೆ ಆ ವಿಷಯವನ್ನು ನಡೆಸುವುದೇ ಇಲ್ಲ, 850ರಲ್ಲಿ ಅದು ಎರಡು ತರಗತಿಯಾಗಿ ನಡೆಯುತ್ತದೆ, ಆದರೆ ನಿಮಗೆ ಕೊಟ್ಟ ಪಾಯಿಂಟ್‌ಗಳನ್ನು ಇಟ್ಟು ಹರಾಜಿನಲ್ಲಿ ಕೂಗುವಂತೆ ಸೀಟಿಗೆ ಬಿಡ್ ಮಾಡಬೇಕಾಗಬಹುದು.

ಪ್ಲೇಸ್‌ಮೆಂಟಿನಲ್ಲಿ ನಮ್ಮವರು ಸಾಮಾನ್ಯವಾಗಿ ಬಂದ ಕಂಪನಿಗಳ ಸಂಖ್ಯೆಯನ್ನು ನೋಡುತ್ತಾರೆ. ನೋಡಬೇಕಾದದ್ದು ನಿಮ್ಮಂಥವರೆಷ್ಟು ಮಂದಿ ಎಂಬುದನ್ನು. ಭಾರತದ ದೊಡ್ಡ ಬ್ಯಾಚ್‌ಗಳಲ್ಲಿ ಎಂಜಿನಿಯರ್‌ಗಳದ್ದೇ ಸಿಂಹಪಾಲು, ಅವರಲ್ಲೂ ಐ.ಟಿ. ಅನುಭವದವರು ಧಾರಾಳವಾಗಿ ಇರುತ್ತಾರೆ. ಉದಾಹರಣೆಗೆ, ಒಂದು ಕಂಪನಿ ಅರವತ್ತು ಜನರನ್ನು ಶಾರ್ಟ್‌ಲಿಸ್ಟ್ ಮಾಡುವುದಾದರೆ ಅದರಲ್ಲಿ ಎಲ್ಲರೂ ಒಂದೇ ಬಗೆಯವರಾಗದಂತೆ ನೋಡಿಕೊಳ್ಳುತ್ತದೆ. ಆಗ ನಿಮ್ಮ ಸ್ಪರ್ಧೆ 850 ಜನರೊಂದಿಗಿರದೆ, ನಿಮ್ಮದೇ ರೆಸ್ಯೂಮೆಯನ್ನು ಹೋಲುವ ಇನ್ನೂರು ಮುನ್ನೂರು ರೆಸ್ಯೂಮೆಗಳೊಂದಿಗಿರುತ್ತದೆ. ಚಿಕ್ಕ ಬ್ಯಾಚಿನಲ್ಲಿ ಈ ತಿಕ್ಕಾಟ ಕಡಿಮೆ, ಆದರೆ ಅಪಾಯ ಬೇರೆ: ಮಾರುಕಟ್ಟೆ ಕುಸಿದ ವರ್ಷ ಖಾಯಂ ಬರುವ ಮೂರು ಕಂಪನಿಗಳು ಬಾರದಿದ್ದರೆ ಇಡೀ ಬ್ಯಾಚೇ ತತ್ತರಿಸುತ್ತದೆ. ಆದ್ದರಿಂದ ಒಂದು ವರ್ಷದ ವರದಿ ಸಾಲದು, ಮೂರು ವರ್ಷಗಳದ್ದು ಕೇಳಿ. ಸರಾಸರಿ ಸಂಬಳವನ್ನು ಬದಿಗಿಟ್ಟು ಮೀಡಿಯನ್ (ಎಲ್ಲರ ಸಂಬಳವನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ನೋಡಿ, ಏಕೆಂದರೆ ಚಿಕ್ಕ ಬ್ಯಾಚಿನಲ್ಲಿ ಇಬ್ಬರಿಗೆ ವಿದೇಶದ ಕೆಲಸ ಸಿಕ್ಕರೂ ಸರಾಸರಿ ಮೇಲಕ್ಕೆ ಜಿಗಿಯುತ್ತದೆ.

ಹಳೆಯ ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ಅಮೆರಿಕದ ಹ್ಯಾನೋವರ್ ಎಂಬ ಪುಟ್ಟ ಊರಿನಲ್ಲಿ 1900ರಿಂದ ನಡೆಯುತ್ತಿರುವ ಡಾರ್ಟ್‌ಮೌತ್‌ನ ಟಕ್ ಸ್ಕೂಲ್ ನೆನಪಾಗುತ್ತದೆ. ಅದರ ಬ್ಯಾಚು ಮುನ್ನೂರರ ಆಸುಪಾಸು. ಅಲ್ಲಿ ಓದಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷವರ್ಷವೂ ಸ್ಕೂಲಿಗೆ ದೇಣಿಗೆ ಕೊಡುತ್ತಾರೆ. ಬಿಸಿನೆಸ್ ಸ್ಕೂಲ್‌ಗಳಲ್ಲಿ ಇದು ಅಪರೂಪದ ಪ್ರಮಾಣ. ಆದರೆ ಇದನ್ನು ಮುನ್ನೂರು ಎಂಬ ಸಂಖ್ಯೆಯ ಮಹಿಮೆ ಎನ್ನಲಾರೆ. ದೂರದ ಊರು, ಕೊರೆಯುವ ಚಳಿ, ಕ್ಯಾಂಪಸ್ಸಿನಲ್ಲೇ ವಾಸ. ಸಂಜೆಯಾದರೆ ಹೋಗಲು ಬೇರೆ ಜಾಗವೇ ಇಲ್ಲದ್ದರಿಂದ ಒಬ್ಬರಿಗೊಬ್ಬರು ಸಿಗುತ್ತಾರೆ. ಬೆಂಗಳೂರಿನ ನಡುವೆ, ಹಾಸ್ಟೆಲ್ ಇಲ್ಲದ, ಐದು ಗಂಟೆಗೆ ಎಲ್ಲರೂ ಮೆಟ್ರೊ ಹಿಡಿದು ಮನೆ ಸೇರುವ 120ರ ಸಂಸ್ಥೆಯಲ್ಲಿ ಅಂಥದ್ದು ತಾನಾಗಿ ಬೆಳೆಯುವುದಿಲ್ಲ. ಚಿಕ್ಕ ಬ್ಯಾಚಿನಲ್ಲಿ ಇನ್ನೂ ಒಂದು ತೊಡಕಿದೆ. ಒಬ್ಬರೊಂದಿಗೆ ಮನಸ್ತಾಪವಾದರೆ ಪ್ರತಿದಿನ ಅವರ ಮುಖವನ್ನೇ ನೋಡಬೇಕು. ನಿಮ್ಮ ಅಭಿರುಚಿಯವರು ಒಬ್ಬರೂ ಇಲ್ಲದಿದ್ದರೆ ಎರಡು ವರ್ಷ ಒಂಟಿತನ ಅನುಭವಿಸಬೇಕು.

ಬ್ಯಾಚುಗಳು ದೊಡ್ಡದಾಗಿರುವುದರ ಬಗ್ಗೆ ಕೆಲವರು ಆಡುವ ಮಾತುಗಳಲ್ಲಿ ಅನ್ಯಾಯವಿದೆ, ಅದನ್ನೂ ಹೇಳಿಬಿಡುತ್ತೇನೆ. 2006ರ ಕಾನೂನಿನಂತೆ ಕೇಂದ್ರೀಯ ವಿದ್ಯಾಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 27ರಷ್ಟು ಮೀಸಲಾತಿ ಬಂದಾಗ, ಉಳಿದವರ ಸೀಟು ಕಡಿಮೆಯಾಗದಂತೆ ಐ.ಐ.ಎಂ.ಗಳೂ ಹಂತಹಂತವಾಗಿ ಒಟ್ಟು ಸೀಟುಗಳನ್ನು ಹೆಚ್ಚಿಸಿಕೊಂಡವು. 2019ರಲ್ಲಿ ಆರ್ಥಿಕವಾಗಿ ದುರ್ಬಲರಿಗೆ ಶೇ 10ರ ಮೀಸಲಾತಿ ಬಂದಾಗ ಮತ್ತೆ ಸೀಟುಗಳು ಹೆಚ್ಚಿದವು. ಈ ಬಾಗಿಲು ತೆರೆದದ್ದು ಸರಿಯಾದ ಕೆಲಸ. ಕೇಳಬೇಕಾದ ಪ್ರಶ್ನೆ, ವಿದ್ಯಾರ್ಥಿಗಳು ಹೆಚ್ಚಿದಷ್ಟು ಖಾಯಂ ಅಧ್ಯಾಪಕರೂ ಹಾಸ್ಟೆಲ್ ಕೋಣೆಗಳೂ ಹೆಚ್ಚಿದವೇ ಎಂಬುದು. ಅದನ್ನು ಕೇಳಬೇಕಾದದ್ದು ಸಂಸ್ಥೆಯನ್ನು, ಹೊಸದಾಗಿ ಒಳಬಂದ ಹುಡುಗ ಹುಡುಗಿಯರನ್ನಲ್ಲ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ದೊಡ್ಡ ಸಂಸ್ಥೆಯಲ್ಲಿ ಸೆಕ್ಷನ್ ಎಪ್ಪತ್ತರ ಒಳಗಿದ್ದು ಕನಿಷ್ಠ ಮೊದಲ ಮೂರು ಟರ್ಮ್ ಬದಲಾಗದೆ ಉಳಿಯುವುದಾದರೆ, ಗ್ರೂಪುಗಳನ್ನು ಸಂಸ್ಥೆಯೇ ಬೆರೆಸಿ ರಚಿಸುವುದಾದರೆ, ಅಲ್ಲಿಗೇ ಹೋಗಿ. ಕೆಲಸದ ಕ್ಷೇತ್ರ ಬದಲಿಸಬೇಕೆಂದಿರುವವರಿಗೆ ಅಲ್ಲಿನ ಎಲೆಕ್ಟಿವ್‌ಗಳೂ ಬೆಂಗಳೂರಿನ ತುಂಬ ಇರುವ ಹಳೆಯ ವಿದ್ಯಾರ್ಥಿಗಳೂ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಸೆಕ್ಷನ್ ಪ್ರತಿ ಟರ್ಮ್ ಕಲಸಿ, ಗ್ರೂಪನ್ನು ನಿಮಗೇ ಬಿಡುವ ಪದ್ಧತಿಯಿದ್ದರೆ ಚಿಕ್ಕದನ್ನು ಆರಿಸಿ. ಅದಕ್ಕೆ ಎರಡು ಷರತ್ತು: ಅದು ವಸತಿ ಸಹಿತವಾಗಿರಬೇಕು, ಮತ್ತು ಕಳೆದ ಮೂರು ಬ್ಯಾಚುಗಳಲ್ಲಿ ಐ.ಟಿ.ಯಿಂದ ಪ್ರಾಡಕ್ಟ್ ಮ್ಯಾನೇಜ್‌ಮೆಂಟಿಗೆ ಹೋದವರು ಬೆರಳೆಣಿಕೆಯಷ್ಟಾದರೂ ಇರಬೇಕು. ಶುಲ್ಕದ ಮೊದಲ ಕಂತು ಕಟ್ಟುವ ಮುನ್ನ ಎರಡೂ ಪ್ರವೇಶ ಕಚೇರಿಗಳಿಗೆ ಈ ವಿವರಗಳನ್ನು ಕೇಳಿ ಇ-ಮೇಲ್ ಬರೆಯಿರಿ, ಒಂದು ತರಗತಿಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ. ಹೋದಾಗ ಎರಡನೇ ವರ್ಷದವರೊಂದಿಗೆ ಮಾತಾಡಿ. ಪುಸ್ತಿಕೆಯಲ್ಲಿ ಫೋಟೊ ಬಂದವರನ್ನು ಬಿಟ್ಟು, ಅಂಕಪಟ್ಟಿಯ ನಡುವಿನಲ್ಲಿರುವವರನ್ನು ಹುಡುಕಿ, ಮೊದಲ ಟರ್ಮ್‌ನ ಗ್ರೂಪಿನಲ್ಲಿದ್ದವರ ಜೊತೆ ಈಗಲೂ ಮಾತುಕತೆ ಇದೆಯೇ ಎಂದು ಕೇಳಿ. ಖಾಯಂ ಅಧ್ಯಾಪಕರು ಎಷ್ಟು ಮಂದಿ ಎಂಬ ಪ್ರಶ್ನೆಗೆ ನೇರವಾಗಿ ಉತ್ತರ ಕೊಡದ ಸಂಸ್ಥೆ ಎರಡರಲ್ಲಿ ಯಾವುದೇ ಆಗಿರಲಿ, ಅದರ ಸೀಟನ್ನು ಬಿಟ್ಟುಕೊಡಿ.